ನೀರು ತಂದವಳ ಸಾಲು

ಕ್ರಿಸ್ತಶಕ ೨೩೯೧, ಹದಿಮೂರನೆಯ ತಿಂಗಳು, ಮೂವತ್ತಾರನೆಯ ತಾರೀಖು
ಹುಬ್ಬಳ್ಳಿ

ಸಂತ ಬಾರ್ನಬನ ದೇವಾಲಯದ ಪೂಜ್ಯ ಅಯ್ಯನವರೇ, ಕಮಿಟಿಯ ಮಾನ್ಯ ಹನ್ನೊಂದು ಮಂದಿ ಸದಸ್ಯರೇ, ಸಭೆಗೆ ಬರದೆಯೂ ಹಾಜರಿ ಪುಸ್ತಕದಲ್ಲಿ ಸಹಿ ಇರುವ ಹನ್ನೆರಡನೆಯವರೇ, ಮತ್ತು ಗಂಟೆಗೋಪುರದಿಂದ ಎಲ್ಲವನ್ನೂ ನೋಡಿ ಏನನ್ನೂ ಹೇಳದ ಪಾರಿವಾಳಗಳೇ,

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಬೆಳೆದು ಬೆಳೆದು ಹನ್ನೆರಡು ತಿಂಗಳಲ್ಲಿ ಹಿಡಿಸದಾದಾಗ ನಮ್ಮ ಹಿರಿಯರು ಅದಕ್ಕೊಂದು ತಿಂಗಳು ಹೆಚ್ಚಿಗೆ ಕೊಟ್ಟರು. ನನ್ನ ಕನ್ನಡ ವಿಚಿತ್ರವಾಗಿ ಕೇಳಿಸಿದರೆ ಕ್ಷಮೆ ಇರಲಿ. ನಿಮ್ಮ ಕಾಲದ ಶೈಲಿಯನ್ನು ನಿಮ್ಮ ಕಮಿಟಿಯ ಠರಾವುಗಳನ್ನು ಓದಿ ಕಲಿತಿದ್ದೇನೆ. ಆದ್ದರಿಂದ ವಾಕ್ಯ ಉದ್ದವಾಗುತ್ತದೆ, ಕೆಲಸ ಮುಂದಕ್ಕೆ ಹೋಗುತ್ತದೆ. ಪ್ರಾಸದ ಚಟ ಮಾತ್ರ ನನ್ನ ಸ್ವಂತದ್ದು. ಬಿಡೆಂದರೆ ಬಿಡದು, ತಡೆದರೆ ತಡೆಯದು.

ನಾನು ಇಲ್ಲಿಯ ನೆನಪಾಳು. ನಿಮ್ಮ ಗುಮಾಸ್ತನ ಹುದ್ದೆಗೆ ನಾವಿಟ್ಟ ಹೆಸರು ಅದು. ಗೌರವ ಹೆಚ್ಚಿದೆ, ಕುರ್ಚಿಯ ಕಾಲು ಬಿಚ್ಚಿದೆ. ಮಂಗಳೂರು ಹಂಚಿನ ಮಾಡು ಇನ್ನೂ ಇದೆ, ಸೋರುವ ಜಾಗವೂ ಅದೇ. ರೈಲುಗಳು ನೆಲ ಬಿಟ್ಟು ಎಷ್ಟೋ ತಲೆಮಾರಾಯಿತು; ಆದರೂ ಒಂಬತ್ತರ ಆರಾಧನೆಗೆ ಜನ ಒಂಬತ್ತೂವರೆಗೇ ಬಂದು ರೈಲಿನ ಮೇಲೆ ತಪ್ಪು ಹೊರಿಸುತ್ತಾರೆ. ಅಡುಗೆಯನ್ನು ನಾವು ಗೋಡೆಗೆ ಹೇಳುತ್ತೇವೆ, ಗೋಡೆ ಮಾಡಿ ಕೊಡುತ್ತದೆ. ಜೋಳದ ರೊಟ್ಟಿ ಬಡಿಯಲು ಮಾತ್ರ ಯಾವ ಗೋಡೆಗೂ ಬಂದಿಲ್ಲ. ಅದಕ್ಕೆ ಇನ್ನೂ ಕೈಯೇ ಬೇಕು. ಹಳೆಯ ಕಾಗದ ಓದಲು ನಮ್ಮಲ್ಲಿ ಉಸಿರುಗನ್ನಡಿ ಎಂಬ ಉಪಕರಣವಿದೆ. ಹಾಳೆ ಎಷ್ಟೇ ಮಾಸಿರಲಿ, ಎದುರು ಹಿಡಿದರೆ ಅದರ ವಾಸನೆಯಿಂದಲೇ ಶಾಯಿ ಎಲ್ಲೆಲ್ಲಿ ಹರಿದಿತ್ತೆಂದು ತೋರಿಸುತ್ತದೆ. ಷರತ್ತು ಒಂದೇ: ಹಾಳೆ ಉಸಿರಾಡುತ್ತಿರಬೇಕು.

ಹೀಗೆ ನಿಮ್ಮ ಕಪಾಟನ್ನು ಓದಿದ್ದೇನೆ. ಆರಾಧನೆಯ ರಿಜಿಸ್ಟರಿನಲ್ಲಿ ೧೮೯೩ರ ಪಾದ್ರಿ, "ಇಂದಿನ ಉಪದೇಶವನ್ನು ಒಂದು ಮಂಗ ಕೊನೆಯವರೆಗೆ ಕೇಳಿತು, ಸ್ಟೇಷನ್ ಮಾಸ್ಟರು ಕೇಳಲಿಲ್ಲ" ಎಂದು ಬರೆದಿದ್ದಾನೆ. ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ಇಂಗ್ಲಿಷ್ ಡ್ರೈವರನ ಮಗುವಿಗೆ ನಾಲ್ಕು ಹೆಸರು, ಮೂರು ಸಾಕ್ಷಿ, ಅರ್ಧ ಪುಟ. ನಮ್ಮ ಫಿಟ್ಟರನ ಮಗುವಿಗೆ ಒಂದು ಹೆಸರು. ಅವರಿಗೆ ಹಾಳೆಯ ಬಯಲು, ನಮಗೆ ಅಂಚಿನ ಸಾಲು.

ಅಂಥ ಸಾಲುಗಳಿಗಾಗಿಯೇ ನಿಮ್ಮಲ್ಲಿ ಒಂದು ರೂಢಿ ಬೆಳೆದಿತ್ತು. ತೀರಿಹೋದವರ ದೀಕ್ಷಾಸ್ನಾನದ ದಿನಕ್ಕೆ ಹತ್ತಿರದ ಭಾನುವಾರ, ಆರಾಧನೆ ಮುಗಿದ ಮೇಲೆ, ಮನೆಯವರು ಗುಮಾಸ್ತನ ಕೋಣೆಗೆ ಬಂದು ಹೆಸರು ಓದಿಸುತ್ತಿದ್ದರು. ಗುಮಾಸ್ತ ಓದಬೇಕು, ಅವರು ಸಾಲಿನ ಮೇಲೆ ಬೆರಳಿಡಬೇಕು. ಸಮಾಧಿಗೆ ಕಲ್ಲು ಹಾಕಿಸಲಾಗದವರಿಗೆ ಅದೇ ಕಲ್ಲು.

ಎಂಬತ್ತನಾಲ್ಕು ವರ್ಷದ ಎಸ್ತರವ್ವ ಪ್ರತಿ ವರ್ಷ ಬರುತ್ತಿದ್ದಳು. ಆಕೆ ಓದಿಸುತ್ತಿದ್ದುದು ೧೯೪೬ರ ಒಂದು ನಮೂದು: ಬೆನ್ಯಾಮಿನ, ವಯಸ್ಸು ಹನ್ನೊಂದು ದಿನ, ತಂದೆ ದೇವಪ್ರಿಯ, ರೈಲ್ವೆ ಕಾರ್ಖಾನೆಯ ಫಿಟ್ಟರ್. ಮಗು ಉಳಿಯುವುದಿಲ್ಲವೆಂದು ತಿಳಿದಾಗ ಪಾದ್ರಿ ಊರಲ್ಲಿರಲಿಲ್ಲ. ಅಂಥ ಹೊತ್ತಿನಲ್ಲಿ ಯಾವ ವಿಶ್ವಾಸಿಯಾದರೂ ದೀಕ್ಷಾಸ್ನಾನ ಕೊಡಬಹುದೆಂಬ ನಿಯಮದಂತೆ ಸೂಲಗಿತ್ತಿ ಮಾರ್ಥಾ ಮಗುವಿನ ತಲೆಗೆ ನೀರೆರೆದು ಕೊಟ್ಟಳು. ಮರಳಿ ಬಂದ ಪಾದ್ರಿ ಅದನ್ನು ನಮೂದಿಸಿ, ಯಾಕೋ ಏನೋ, ಅಂಚಿನಲ್ಲಿ ಸಣ್ಣದಾಗಿ ಸೇರಿಸಿದ: "ನೀರು ತಂದವಳು ಅಕ್ಕ, ಐದು ವರ್ಷ." ಮಗುವಿನ ಫೋಟೊ ಇಲ್ಲ, ಗೋರಿಯ ಗುರುತಿಲ್ಲ. ಅಕ್ಕನಿಗೂ ಆ ವಯಸ್ಸಿನ ಬೇರೆ ಕುರುಹಿಲ್ಲ. ಇಬ್ಬರೂ ಜೊತೆಗಿರುವುದು ಜಗತ್ತಿನಲ್ಲಿ ಅದೊಂದೇ ಕಡೆ.

ಗುಮಾಸ್ತ ಅವಸರ ಮಾಡಿದರೆ ಗದರಿಸುತ್ತಿದ್ದಳು: "ಸಾವಕಾಶ ಓದೋ ತಮ್ಮಾ, ರೈಲು ತಪ್ಪತೈತೇನು? ಅಂವಂದು ಇರೂದ ಒಂದ ಸಾಲು." ಅಂಚಿನ ಮಾತು ಬಂದಾಗ ಪ್ರತಿ ಸಲವೂ ಮೊದಲ ಸಲವೆಂಬಂತೆ, "ನಾನ ತಂದಿದ್ದೆ. ಹಿತ್ತಾಳಿ ವಾಟಗದಾಗ. ಅರ್ಧಾ ಚೆಲ್ಲಿತ್ತು. ಆದ್ರೂ ಸಾಲ್ತು" ಎನ್ನುತ್ತಿದ್ದಳು.

ಇನ್ನು ನಿಮ್ಮ ಮೊನ್ನೆ ಬುಧವಾರದ ಸಭೆ. ಗೋಡೆ ಕೇಳಿಸಿಕೊಂಡದ್ದು ನಮಗೆ ತಲುಪಿದೆ. ಬೆರಳು ತಾಗಿ ತಾಗಿ ದೀಕ್ಷಾಸ್ನಾನದ ರಿಜಿಸ್ಟರ್ ಸವೆಯುತ್ತಿದೆಯೆಂಬ ಕಳಕಳಿಯಿಂದ ಕಾರ್ಯದರ್ಶಿ ದೀನಪ್ಪ ಮಾಸ್ತರು ಹೇಳಿದರು: "ಹೊಲಿಗಿ ಬಿಚ್ಚಿ ಎಲ್ಲಾ ಹಾಳಿ ಲ್ಯಾಮಿನೇಷನ್ ಮಾಡಿಸಿಬಿಡೂಣು. ನನ್ನ ಆಧಾರ್ ಕಾರ್ಡ್ ನೋಡ್ರಿ, ಮದುಮಗನಂಗ ಹೊಳೀತೈತಿ."

"ಕಾರ್ಡ್ ಹೊಳೀತೈತಿ ಮಾಸ್ತರ, ಅದರಾಗಿನ ಮಾರಿ ಹೊಳೀವಲ್ದು," ಎಂದರು ಸರೋಜಿನಿ ಟೀಚರು.

"ನಗಬ್ಯಾಡ್ರಿ ಟೀಚರ್. ಹೋದ ವರ್ಷ ಸಮಾಧಿ ರಿಜಿಸ್ಟರ್ ಮಾಡಿಸಿದ್ವಲ್ಲ, ಅದಕ್ಕೇನಾಗೇತಿ?"

ಏನಾಗಿದೆಯೆಂದು ಯಾರೂ ಎದ್ದು ನೋಡಲಿಲ್ಲ. ಸೋಮವಾರ ಹಾಳೆಗಳು ಅಂಗಡಿಗೆ ಹೋಗಬೇಕೆಂದು ಠರಾವಾಯಿತು. ಚಹಾ ಬಂತು.

ಆ ಸಮಾಧಿ ರಿಜಿಸ್ಟರ್ ನನ್ನ ಮೇಜಿನ ಮೇಲಿದೆ. ಯಂತ್ರದ ಬಿಸಿಗೆ ಹಳೆಯ ಶಾಯಿ ಹರಡಿ, ಒಳಗೆ ಸಿಕ್ಕ ತೇವಕ್ಕೆ ಹೊರಬರಲು ದಾರಿಯಿಲ್ಲದೆ ಬೂಷ್ಟು ಹಿಡಿದು, ಒಂದೊಂದು ಹಾಳೆಯೂ ಹೊತ್ತಿದ ಹಪ್ಪಳದಂತಾಗಿದೆ. ಪ್ಲಾಸ್ಟಿಕ್ ಸುಲಿದರೆ ಹೆಸರು ಅದಕ್ಕೇ ಅಂಟಿಕೊಂಡು ಬರುತ್ತದೆ. ಉಸಿರುಗನ್ನಡಿ ಹಿಡಿದೆ, ಏನೂ ಕಾಣಲಿಲ್ಲ. ಹೊರಗೆ ಹೊಳಪು, ಒಳಗೆ ಕಪ್ಪು. ಆ ಪುಟಗಳಲ್ಲಿದ್ದವರೆಲ್ಲ ಎರಡನೆಯ ಸಲ ಮಣ್ಣಾದರು. ದೀಕ್ಷಾಸ್ನಾನದ ರಿಜಿಸ್ಟರಿಗೂ ಇದೇ ಗತಿ ಬಂತು.

ನೀವು ಕೇಳಬಹುದು: ಹಾಗಿದ್ದರೆ ಬೆನ್ಯಾಮಿನನ ಸಾಲನ್ನು ನೀನು ೨೩೯೧ರಲ್ಲಿ ಹೇಗೆ ಓದಿದೆ?

ಮೇಲಿನ ತಾರೀಖಿಗೆ ಗೀಟು ಹಾಕಿಕೊಳ್ಳಿ.

ಇಸವಿ ೨೩೯೧ ಅಲ್ಲ. ನಾನು ನಿಮ್ಮ ಗುಮಾಸ್ತ, ಜಯಶೀಲ. ಸಮಾಧಿ ರಿಜಿಸ್ಟರನ್ನು ಅಂಗಡಿಗೆ ಹೊತ್ತೊಯ್ದವನು ನಾನು. ಚೆನ್ನಾಗಿ ಬಂದಿದೆ ಎಂದು ನಿಮಗೆ ವರದಿ ಒಪ್ಪಿಸಿದವನೂ ನಾನು. ಮಳೆಗಾಲ ಮುಗಿದ ಮೇಲೆ ತೆಗೆದು ನೋಡಿದೆ. ಮತ್ತೆ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಬುಧವಾರ ಮಾಸ್ತರು ಕೇಳಿದಾಗ ಕೋಣೆಯಲ್ಲಿ ಉತ್ತರ ಗೊತ್ತಿದ್ದವನು ನಾನೊಬ್ಬನೇ; ಬಾಯಿ ಬಿಡಲಿಲ್ಲ. ಅಷ್ಟು ಜನರ ಹೆಸರು ಅಳಿಸಿದೆನೆಂದು ನಿಮ್ಮ ಮುಖ ನೋಡಿ ಹೇಳುವ ಧೈರ್ಯವಾಗದೆ ಮುನ್ನೂರು ಚಿಲ್ಲರೆ ವರ್ಷ ಮುಂದೆ ಓಡಿಹೋಗಿ ಹೇಳಿದ್ದೇನೆ.

ದೀಕ್ಷಾಸ್ನಾನದ ರಿಜಿಸ್ಟರ್ ಈಗ ಕಪಾಟಿನಲ್ಲಿಲ್ಲ. ನನ್ನ ಹತ್ತಿರವಿದೆ. ಠರಾವು ರದ್ದಾಗುವವರೆಗೆ ಕೊಡುವುದಿಲ್ಲ. ಕೆಲಸದಿಂದ ತೆಗೆಯುವುದಾದರೆ ತೆಗೆಯಿರಿ. ನಾಡಿದ್ದು ಭಾನುವಾರ ಎಸ್ತರವ್ವನ ಸರದಿ. ರಿಜಿಸ್ಟರನ್ನು ಅವಳ ಮನೆಗೇ ಒಯ್ದು ಓದುತ್ತೇನೆ. ನನ್ನನ್ನು ಹಿಡಿಯಲು ಬರುವುದಾದರೆ ಅಲ್ಲಿಗೇ ಬನ್ನಿ. ಓದಿ ಮುಗಿಸುವ ತನಕ ಮಾತ್ರ, ಚಪ್ಪಲಿ ಹೊರಗೆ ಬಿಟ್ಟು, ಸುಮ್ಮನೆ ಕೂತಿರಿ.