ಹಲ್ಲು ತೆಗೆದಿಟ್ಟು ಹಾಕಿದ ಶಿಳ್ಳೆ

ಮಗಳೇ,

ನಿನ್ನ ತಮ್ಮನ ಮನೆಗೆ ಸುಖವಾಗಿ ಬಂದು ಸೇರಿದೆ. ಇಲ್ಲಿ ಯಾರೂ ಹೆಸರು ಕೂಗಿ ಕರೆಯುವುದಿಲ್ಲ, ಮಹಡಿಯಿಂದ ಮಹಡಿಗೆ ಶಿಳ್ಳೆ ಹಾಕುತ್ತಾರೆ. ಮೊಮ್ಮಗಳು, "ಎರಡು ಬೆರಳು ಬಾಯಿಗಿಟ್ಟು ಜೋರಾಗಿ ಊದಜ್ಜಿ" ಅಂದಳು. ಊದಿದೆ. ಶಿಳ್ಳೆಯ ಬದಲು ಹಲ್ಲಿನ ಸೆಟ್ಟೇ ಬಾಲ್ಕನಿ ದಾಟಿ, ಕೆಳಗೆ ನಿಂತಿದ್ದ ಅಂಚೆಯವನ ಚೀಲಕ್ಕೆ ಬಿತ್ತು. ಅವನು ಮೆಟ್ಟಿಲು ಹತ್ತಿ ಬಂದು, "ವಿಳಾಸ ಬರೆದಿಲ್ಲ, ನಿಮ್ದೇ ಇರ್ಬೇಕು ಅಜ್ಜಿ" ಎಂದು ಕೊಟ್ಟ. ಈಗ ಹಲ್ಲು ತೆಗೆದಿಟ್ಟೇ ಊದುತ್ತೇನೆ, ಬೀದಿಯ ಕೊನೆಗೂ ಕೇಳುತ್ತದೆ. ಒಸಡು ಕೊಂಚ ನೋಯುತ್ತಿದೆ, ಮಂಡಿ ಪರವಾಗಿಲ್ಲ.

ಚಿಕ್ಕಂದಿನಲ್ಲಿ ನೀನು ಶಿಳ್ಳೆ ಹಾಕಿದ್ದಕ್ಕೆ ಸೌಟಿನಲ್ಲಿ ಬಾರಿಸಿದ್ದೆ, ಮರೆತಿಲ್ಲ. ಭಾನುವಾರ ಬಂದು ಗೇಟಿನಲ್ಲಿ ನಿಂತು ಶಿಳ್ಳೆ ಹಾಕುತ್ತೇನೆ. ನೀನೂ ಶಿಳ್ಳೆ ಹಾಕಿಕೊಂಡೇ ಬಾಗಿಲು ತೆಗೆ, ಸೌಟು ಒಳಗೇ ಇರಲಿ.

ಅಂಚೆಯವನು ಕಾಯುತ್ತಿದ್ದಾನೆ. ಈ ಸಲ ವಿಳಾಸ ಬರೆದಿದ್ದೇನೆ.

ನಿನ್ನ ಅಮ್ಮ