ಕರೆಂಟು ಹೋದ ಸುದ್ದಿ ಕರೆಂಟು ಬಂದ ಮೇಲೆ

ವೈದ್ಯಕೀಯ ಸಲಕರಣೆಗಳ ನಿರ್ವಹಣಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಕಚೇರಿಯಿಂದ ನನಗೆ ಕಾರಣ ಕೇಳುವ ನೋಟಿಸ್ ಬಂದಿದೆ. “ಡಯಾಲಿಸಿಸ್ ಕೇಂದ್ರದ ಯುಪಿಎಸ್ ಬ್ಯಾಟರಿ ದುರ್ಬಲಗೊಂಡಿರುವ ಬಗ್ಗೆ ನಲವತ್ತೊಂದು ಎಚ್ಚರಿಕೆ ಸಂದೇಶಗಳು ತಮ್ಮ ಮೊಬೈಲಿಗೆ ತಲುಪಿದ್ದಾಗ್ಯೂ ತಾವು ಸಕಾಲದಲ್ಲಿ ಕ್ರಮ ಕೈಗೊಳ್ಳದಿರಲು ಕಾರಣವೇನು? ಏಳು ದಿನಗಳೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು.” ಓದಿ ರೋಮಾಂಚನವಾಯಿತು. ನಾನು ತಮ್ಮ ಇಲಾಖೆಯ ನೌಕರನಲ್ಲ. ಯಾವ ಇಲಾಖೆಯ ನೌಕರನೂ ಅಲ್ಲ. ಹಂಪಿಯಲ್ಲಿ ಪ್ರವಾಸಿಗರಿಗೆ ಸೈಕಲ್ ಬಾಡಿಗೆ ಕೊಡುವ, ಪಾಪಿನಾಯಕನಹಳ್ಳಿಯ ಇಪ್ಪತ್ತಮೂರು ವರ್ಷದವನು. ನೇಮಕಾತಿ ಆದೇಶಕ್ಕಿಂತ ಮೊದಲೇ ನೋಟಿಸ್ ಪಡೆದ ಭಾಗ್ಯ ಈ ಭೂಮಿಯ ಮೇಲೆ ಇನ್ನಾರಿಗೆ ಒದಗಿದೆ?

ಸಮಜಾಯಿಷಿಯನ್ನು ಬಹಿರಂಗವಾಗಿಯೇ ಕೊಡುತ್ತಿದ್ದೇನೆ. ಟಪಾಲಿನಲ್ಲಿ ಕಳಿಸಿದ ನನ್ನ ಮೂರು ಅರ್ಜಿಗಳು ತಮ್ಮ ಕಚೇರಿಯಲ್ಲಿ ಎಲ್ಲೋ ಸುಖವಾಗಿ ಮಲಗಿವೆ, ಅವುಗಳನ್ನು ಎಬ್ಬಿಸುವಷ್ಟು ಸಮಯ ನನಗಿಲ್ಲ. ಏಕೆಂದರೆ ಬರುವ ಗುರುವಾರ ನನ್ನ ಅಕ್ಕ ಅಂಜಲಿಯ ಡಯಾಲಿಸಿಸ್ ಪಾಳಿ. ಕರೆಂಟು ಹೋದರೆ ತಮ್ಮ ಯುಪಿಎಸ್ ಈಗ ತಡೆಯುವುದು ನಾಲ್ಕು ನಿಮಿಷ. ಯಂತ್ರದೊಳಗೆ ಹೋದ ರಕ್ತವನ್ನು ಮೈಗೆ ವಾಪಸು ಕಳಿಸಲು ಬೇಕಾಗುವುದು ಹತ್ತು ನಿಮಿಷ. ಉಳಿದ ಆರು ನಿಮಿಷ ಆಕೆ ಎಲ್ಲಿಂದ ತರಬೇಕು? ಈ ಪತ್ರದ ವಿಷಯ ಇಷ್ಟೇ. ಮಿಕ್ಕಿದ್ದೆಲ್ಲ ಅಡಕ.

ಸಂಡೂರು ರಸ್ತೆಯ ನಮ್ಮ ಕೇಂದ್ರದಲ್ಲಿ ಏಳು ತಿಂಗಳ ಹಿಂದೆ ತಾವು ಒಂದು ಆಧುನಿಕ ವ್ಯವಸ್ಥೆ ಮಾಡಿಸಿದಿರಿ. ಯುಪಿಎಸ್ಸಿನ ಬೆನ್ನಿಗೆ ಒಂದು ನೆಟ್‌ವರ್ಕ್ ಕಾರ್ಡು, ಆ ಕಾರ್ಡಿನಿಂದ ಒಂದು ತಂತಿ, ಆ ತಂತಿಯ ತುದಿಗೆ ಸಿಮ್ ಹಾಕಿದ ರೌಟರ್. ಕರೆಂಟು ಹೋದರೆ, ಬ್ಯಾಟರಿ ಸೋತರೆ ಹೊಣೆಗಾರರ ಫೋನಿಗೆ ತಕ್ಷಣ ಮೆಸೇಜು. ದೂರದಲ್ಲೇ ಕೂತು ನಿಗಾ ಇಡಬಹುದು. ಬಹಳ ಒಳ್ಳೆಯ ಯೋಚನೆ, ಇದರಲ್ಲಿ ವ್ಯಂಗ್ಯವಿಲ್ಲ. ಕಾರ್ಡು ಕೂರಿಸಲು ಬಂದ ಕಂಪನಿಯ ಇಂಜಿನಿಯರು ಲ್ಯಾಪ್‌ಟಾಪ್ ತೆರೆದು ಕೊನೆಯ ಪ್ರಶ್ನೆ ಕೇಳಿದರು: “ಮೆಸೇಜ್ ಯಾರ ನಂಬರಿಗೆ ಹೋಗ್ಬೇಕ್ರಿ?”

ಎಲ್ಲರೂ ಒಂದೇ ಸಲಕ್ಕೆ ತಂತಮ್ಮ ಫೋನನ್ನು ಜೇಬಿಗಿಳಿಸಿದರು.

“ನಂದು ಬ್ಯಾಡ್ರಿ, ನಾನು ಗುತ್ತಿಗಿ ಮ್ಯಾಲ ಇರೋನು” ಎಂದರು ಯಂತ್ರ ನಡೆಸುವ ಟೆಕ್ನೀಷಿಯನ್ ತಿಪ್ಪೇಶ್.

“ನಂದಂತೂ ಬ್ಯಾಡೇ ಬ್ಯಾಡ. ನಂಬರ್ ಕೊಟ್ಟೋರ ತಲಿಗೇ ಬರತೈತಿ ಅದು” ಎಂದರು ಸಿಸ್ಟರ್ ಸುನಿತಾ.

ಡಾಕ್ಟರರು ತಮ್ಮ ಕಚೇರಿಯ ಆದೇಶದ ಪ್ರತಿಯನ್ನು ಎರಡೂ ಕಡೆ ಓದಿ, ಇದರಲ್ಲಿ ಯಾರ ಹೆಸರನ್ನೂ ಸೂಚಿಸಿಲ್ಲ, ಸ್ಪಷ್ಟೀಕರಣ ಬರಲಿ ಎಂದರು. ಇಂಜಿನಿಯರು ಗಡಿಯಾರ ನೋಡಿದರು. “ನಂಬರ್ ಹಾಕದಿದ್ರ ಇದು ಮುಂದಕ್ಕ ಹೋಗಂಗಿಲ್ರಿ. ನಂಗ ಮೂರರ ಬಸ್ಸೈತಿ.”

ಮಾನ್ಯರೇ, ನನಗೊಂದು ಕೆಟ್ಟ ಚಟವಿದೆ. ಜನ ಗಂಭೀರವಾಗಿ ಕೂತಲ್ಲಿ ನನಗೆ ಅವರಿಗಿಂತ ಗಂಭೀರನಾಗಬೇಕೆನಿಸುತ್ತದೆ. ಅಕ್ಕನನ್ನು ಕರೆತಂದು ಬೆಂಚಿನ ಮೇಲೆ ಕೂತಿದ್ದವನು ಎದ್ದು, ಅಂಗಿ ಸರಿಮಾಡಿಕೊಂಡು, “ಸದರಿ ಹೊಣೆಯನ್ನು ನಾನು ಹೊರುತ್ತೇನೆ” ಎಂದು ಘೋಷಿಸಿ ನನ್ನ ನಂಬರ್ ಹೇಳಿಬಿಟ್ಟೆ. ಎಲ್ಲರೂ ನಕ್ಕರು. ಇಂಜಿನಿಯರು ಮಾತ್ರ ನಗದೆ ಟೈಪು ಮಾಡಿದರು.

“ಹುದ್ದೆ?”

“ಹೊಣೆಗಾರ ಅಧಿಕಾರಿ ಅಂತ ಹಾಕ್ಕೊಳ್ರಿ.”

“ಲೇ ಮಾಲತೇಶ, ಸುಮ್ ಕುಂದ್ರಲೇ!” ಎಂದು ಅಕ್ಕ ಮಂಚದ ಮೇಲಿಂದಲೇ ಗದರಿದಳು. ಎಡಗೈಗೆ ಸೂಜಿ ಹಾಕಿಸಿಕೊಂಡಾಗಲೂ ಬಲಗೈ ಎತ್ತಿ ನನಗೆ ಬೈಯುವುದು ಆಕೆಯ ವಾರಕ್ಕೆರಡು ಸಲದ ಕಾರ್ಯಕ್ರಮ. ಇಂಜಿನಿಯರು ಮೂರರ ಬಸ್ಸು ಹಿಡಿದರು. ಏಳು ತಿಂಗಳಲ್ಲಿ ಒಬ್ಬರೂ ಆ ನಂಬರ್ ಬದಲಿಸಲಿಲ್ಲ, ಏಕೆಂದರೆ ಬದಲಿಸಬೇಕಾದರೆ ಮತ್ತೊಬ್ಬರ ನಂಬರ್ ಬೇಕು.

ಮೊದಮೊದಲು ಖುಷಿಯೇ ಆಯಿತು. “ಬ್ಯಾಟರಿ ಪರೀಕ್ಷೆ ಯಶಸ್ವಿ” ಎಂದು ಇಂಗ್ಲಿಷಿನಲ್ಲಿ ಮೆಸೇಜು ಬಂದಾಗ ಹಂಪಿ ಬಜಾರಿನಲ್ಲಿ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ ನಾನು ಗೆಳೆಯರೆದುರು ಗಂಟಲು ಸರಿಪಡಿಸಿಕೊಂಡು ಅದನ್ನು ಓದುತ್ತಿದ್ದೆ. ಎರಡು ತಿಂಗಳ ಹಿಂದೆ ಮೆಸೇಜಿನ ಧಾಟಿ ಬದಲಾಯಿತು. ಬ್ಯಾಟರಿ ಪರೀಕ್ಷೆ ವಿಫಲ. ಬ್ಯಾಟರಿ ಬದಲಿಸಿ. ಉಳಿದ ಅವಧಿ ಹನ್ನೊಂದು ನಿಮಿಷ. ಆಮೇಲೆ ಏಳು. ಆಮೇಲೆ ನಾಲ್ಕು.

ಕ್ರಮ ಕೈಗೊಂಡಿಲ್ಲ ಎನ್ನುತ್ತೀರಲ್ಲ, ಕೈಗೊಂಡೆ. ಕೇಂದ್ರಕ್ಕೆ ಫೋನು ಮಾಡಿದೆ.

“ಸಿಸ್ಟರ್, ಯುಪಿಎಸ್ ಬ್ಯಾಟರಿ ಹೋಗ್ಯಾವ್ರಿ. ನಾಲ್ಕು ನಿಮಿಷಕ್ಕಿಂತ ಹೆಚ್ಚು ಬರಂಗಿಲ್ಲಂತ.”

“ಹೌದೇನಪ್ಪ? ಮತ್ತ ಸಾಕ್ಸ್ ಯಾವ ಬಣ್ಣದ್ದು ಹಾಕ್ಕೊಂಡು ಬರ್ಲಿ ಈ ಸಲ?” ಎಂದು ಸುನಿತಾ ಸಿಸ್ಟರು ಫೋನಿಟ್ಟರು.

ಇಲ್ಲಿ ನಾನು ತಪ್ಪೊಪ್ಪಿಕೊಳ್ಳಬೇಕು. ಅದಕ್ಕೂ ಮುಂಚೆ ಒಮ್ಮೆ ಅದೇ ಫೋನಿಗೆ ದಪ್ಪ ದನಿಯಲ್ಲಿ ಕರೆ ಮಾಡಿ, “ಮೇಲಿನ ಕಚೇರಿಯಿಂದ ಮಾತಾಡ್ತಿದ್ದೇವೆ, ನಾಳೆ ತಪಾಸಣೆ, ಸಿಬ್ಬಂದಿಯೆಲ್ಲ ಬಿಳಿ ಸಾಕ್ಸ್ ಧರಿಸತಕ್ಕದ್ದು” ಎಂದಿದ್ದೆ. ಮರುದಿನ ಇಡೀ ಕೇಂದ್ರ ಬಿಳಿ ಸಾಕ್ಸಿನಲ್ಲಿತ್ತು, ಡಾಕ್ಟರರೂ ಸೇರಿ. ಒಂದು ವಾರ ನಕ್ಕೆ. ಆ ವಾರದ ನಗುವನ್ನು ಈಗ ಕಂತುಗಳಲ್ಲಿ ಅಳುತ್ತಿದ್ದೇನೆ. ಹದಿನೇಳು ಸಲ ಫೋನು ಮಾಡಿದೆ, ಮೆಸೇಜು ತೋರಿಸಿದೆ. “ಇದನ್ನೂ ನೀನೇ ಮಾಡಿರ್ತಿ, ಮೊಬೈಲ್‌ನ್ಯಾಗ ಏನ್ ಬೇಕಾದ್ರೂ ಬರತೈತಿ” ಎಂದರು. ಅವರದು ತಪ್ಪೆನ್ನಲಾರೆ. ಆದರೆ ಮಾನ್ಯರೇ, ರೋಗಿಗಳ ಜೀವ ಕಾಯುವ ಯಂತ್ರದ ಕೂಗು, ಇಡೀ ತಾಲೂಕಿನಲ್ಲಿ ಯಾರ ಮಾತನ್ನು ಯಾರೂ ನಂಬುವುದಿಲ್ಲವೋ ಅವನ ಜೇಬಿಗೇ ಬರುವಂತೆ ಏಳು ತಿಂಗಳು ಬಿಟ್ಟವರು ಯಾರು?

ಹೋದ ತಿಂಗಳ ಒಂದು ಗುರುವಾರ, ಬೆಳಿಗ್ಗೆ ಹನ್ನೊಂದೂ ಕಾಲಿಗೆ ಕರೆಂಟು ಹೋಯಿತು.

ನಾಲ್ಕು ಜನ ಯಂತ್ರದ ಮೇಲಿದ್ದರು: ಅಕ್ಕ, ಕಂಪ್ಲಿಯಿಂದ ಬರುವ ಭರಮಮ್ಮಜ್ಜಿ, ಮತ್ತಿಬ್ಬರು ಗಂಡಸರು. ಫ್ಯಾನು ನಿಂತಿತು, ಯಂತ್ರಗಳು ಓಡುತ್ತಲೇ ಇದ್ದವು. “ಅಂಜಬ್ಯಾಡ್ರಿ, ಯುಪಿಎಸ್ ಅರ್ಧ ತಾಸು ಬರತೈತಿ” ಎಂದರು ತಿಪ್ಪೇಶ್. ಜನರೇಟರ್ ನಡೆಸುವವರು ಎರಡು ಕಟ್ಟಡಕ್ಕೆ ಒಬ್ಬರೇ, ಆ ಹೊತ್ತು ಇನ್ನೊಂದು ಕಟ್ಟಡದಲ್ಲಿದ್ದರು. ನಾಲ್ಕನೆಯ ನಿಮಿಷಕ್ಕೆ ನಾಲ್ಕೂ ಯಂತ್ರಗಳು ಒಟ್ಟಿಗೆ ನಿಂತವು. ಅವುಗಳ ಹೊಟ್ಟೆಯೊಳಗಿನ ಸ್ವಂತ ಬ್ಯಾಟರಿಗಳು ಎಂದೋ ಕಣ್ಣು ಮುಚ್ಚಿದ್ದವು.

ಹಾಗೆ ನಿಂತರೆ ಹೊರಗಿರುವ ರಕ್ತ ಹೆಪ್ಪುಗಟ್ಟುವುದರೊಳಗೆ ಪಂಪಿಗೆ ಹಿಡಿಕೆ ಹಾಕಿ ಕೈಯಲ್ಲಿ ತಿರುಗಿಸಿ ಮೈಗೆ ಕಳಿಸಬೇಕು. ರೋಗಿಗಳು ನಾಲ್ವರು, ಆ ಹೊತ್ತಿಗೆ ಇದ್ದ ಸಿಬ್ಬಂದಿ ಇಬ್ಬರೇ. ತಿಪ್ಪೇಶ್ ನನ್ನ ರಟ್ಟೆ ಹಿಡಿದು ಎಳೆದರು. “ಬಾರಲೇ ಇಲ್ಲಿ! ಇದನ್ನ ಮೆಲ್ಲಕ ತಿರುಗಸು. ಈ ನಳಿಗ್ಯಾಗ ಗುಳ್ಳಿ ಬರತೈತೇನು ನೋಡ್ಕೋತ ಇರು. ಗಾಳಿ ಒಳಗ ಹೋತಂದ್ರ ಅಜ್ಜಿ ಹೋತು!”

“ನನ್ನ ಮುಂದ ಹೇಳ್ತಿಯಲ್ಲೋ ಭಾಡ್ಯಾ” ಎಂದರು ಭರಮಮ್ಮಜ್ಜಿ, ಕಣ್ಣು ಮುಚ್ಚಿಕೊಂಡೇ.

“ಅಂಜಲಿ ವಯಸ್ಸಿನಾಕಿ, ತಡೀತಾಳ. ಆಕಿದು ಆಮ್ಯಾಲೆ” ಎಂದು ತಿಪ್ಪೇಶ್ ಮುಂದಿನ ಮಂಚಕ್ಕೆ ಓಡಿದರು, ಸುನಿತಾ ಸಿಸ್ಟರು ಇನ್ನೊಂದಕ್ಕೆ. ನಾನು ತಿರುಗಿಸಿದೆ. ಎರಡು ಮಂಚದಾಚೆ ಅಕ್ಕ. ಆಕೆಯ ನಳಿಗೆಯಲ್ಲಿ ಕೆಂಪಗಿದ್ದದ್ದು ಕಪ್ಪಾಗುತ್ತಿತ್ತು. ನನ್ನ ಕೈ ಅಜ್ಜಿಯ ಹಿಡಿಕೆಯ ಮೇಲೆ, ಕಣ್ಣು ಅಲ್ಲಿ. ಅಕ್ಕ ಮೆಲ್ಲಗೆ ಅಂದಳು:

“ನನ್ನ ಕಡಿ ನೋಡಬ್ಯಾಡ. ಗುಳ್ಳಿ ನೋಡು.”

ಗುಳ್ಳೆ ನೋಡಿದೆ. ಅಜ್ಜಿ ಉಳಿದರು. ತಿಪ್ಪೇಶ್ ಅಕ್ಕನ ಬಳಿ ಬಂದು ಹಿಡಿಕೆ ಹಾಕುವ ಹೊತ್ತಿಗೆ ಪಂಪು ತಿರುಗಲಿಲ್ಲ. ಫಿಲ್ಟರಿನೊಳಗೆ ರಕ್ತ ಗಟ್ಟಿಯಾಗಿತ್ತು. ಮೊದಲೇ ರಕ್ತ ಏಳು ಪಾಯಿಂಟಿಗೆ ಇಳಿದಿರುವ ಹೆಣ್ಣುಮಗಳ ಒಂದು ಲೋಟ ರಕ್ತವನ್ನು ನಳಿಗೆ ಸಮೇತ ಕಸದ ಚೀಲಕ್ಕೆ ಹಾಕಿದರು. ಆ ಚೀಲದ ಬಾಯಿ ಕಟ್ಟಿದವನು ನಾನೇ.

ಆಗ ಕರೆಂಟು ಬಂತು. ಫ್ಯಾನು ತಿರುಗಿತು. ನನ್ನ ಜೇಬು ಕೂಗಿಕೊಂಡಿತು, ಒಂದರ ಹಿಂದೊಂದು ನಾಲ್ಕು ಸಲ: ಕರೆಂಟು ಹೋಗಿದೆ. ಬ್ಯಾಟರಿಯ ಮೇಲೆ ಓಡುತ್ತಿದೆ. ಬ್ಯಾಟರಿ ಮುಗಿಯುತ್ತಿದೆ. ಯುಪಿಎಸ್ ನಿಲ್ಲುತ್ತಿದೆ.

“ಏನಂತಪ್ಪ ಅದು?” ಎಂದರು ಭರಮಮ್ಮಜ್ಜಿ.

“ಕರೆಂಟ್ ಹೋಗೈತಂತ ಅಜ್ಜಿ.”

“ನಮಗೂ ಗೊತ್ತಾಗೈತಿ ಅಂತ ಹೇಳು.”

ಮೆಸೇಜು ತಡವೇಕೆ ಎಂದು ತಂತಿಯ ಬೆನ್ನು ಹಿಡಿದು ಹೋದೆ. ಯುಪಿಎಸ್ಸಿಗೆ ಯಂತ್ರಗಳ ಹೊರತು ಬೇರೇನನ್ನೂ ಜೋಡಿಸತಕ್ಕದ್ದಲ್ಲ ಎಂಬ ತಮ್ಮ ಸುತ್ತೋಲೆ ಗೋಡೆಯ ಮೇಲಿದೆ. ಅದನ್ನು ಶಿರಸಾವಹಿಸಿ ರೌಟರನ್ನು ಸಾದಾ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ್ದಾರೆ. ಕರೆಂಟು ಹೋದೊಡನೆ ಮೊದಲು ಸಾಯುವುದೇ ರೌಟರ್! ಸುದ್ದಿ ಕಾರ್ಡಿನೊಳಗೆ ಕೂತು ಕರೆಂಟಿಗಾಗಿ ಕಾಯುತ್ತದೆ, ಬಂದ ಮೇಲೆ ಹೋದದ್ದನ್ನು ತಿಳಿಸುತ್ತದೆ. ಸಾಲದ್ದಕ್ಕೆ ಆ ಪ್ಲಗ್ಗು ಕಿತ್ತು ಫೋನು ಚಾರ್ಜಿಗೆ ಹಾಕುವವರು ಬೇರೆ. ಅದನ್ನು ಮಾತ್ರ ನಾನು ನಿಲ್ಲಿಸಿದ್ದೇನೆ. “ಈ ಪ್ಲಗ್ ಕೀಳುವವರನ್ನು ಮುಂದಿನ ಜನ್ಮದಲ್ಲಿ ಲೈನ್‌ಮನ್ ಆಗಿ ನೇಮಿಸಲಾಗುವುದು. ಆದೇಶದ ಮೇರೆಗೆ” ಎಂದು ಬರೆದು ಅಂಟಿಸಿದೆ. ಅಂದಿನಿಂದ ಯಾರೂ ಮುಟ್ಟಿಲ್ಲ. ಈ ಪ್ರಕರಣದಲ್ಲಿ ಜಾರಿಯಾದ ಏಕೈಕ ಆದೇಶ ಅದು.

ಮರುದಿನ ಹೊಸಪೇಟೆಯ ತಮ್ಮ ಕಚೇರಿಗೆ ಬಂದೆ. ತಾವಿರಲಿಲ್ಲ. ಗುಮಾಸ್ತರು ಕಂಪ್ಯೂಟರ್ ತಿರುಗಿಸಿ ತೋರಿಸಿದರು.

“ನೋಡ್ರಿ, ಹಸಿರು ಚುಕ್ಕಿ ಐತಿ. ಎಲ್ಲಾ ಬರೋಬ್ಬರಿ ಐತಿ.”

“ಸಾರ್, ಅದು ಕರೆಂಟ್ ಇದ್ದಾಗಿನ ಚುಕ್ಕಿ. ಬ್ಯಾಟರಿ ಸತ್ತಾವ.”

“ಬ್ಯಾಟರಿ ವಿಷಯ ಸಂಬಂಧಪಟ್ಟ ಅಧಿಕಾರಿಗೆ ಮೆಸೇಜ್ ಹೋಗೈತ್ರಿ. ನಲವತ್ತೊಂದು ಸಲ! ಅವರು ಏನ್ ಮಾಡ್ತಾರ ಅಂತೀನಿ. ತಡೀರಿ, ನಿಮ್ಮ ಮುಂದ ಫೋನ್ ಹಚ್ಚಿ ಕೇಳ್ತೀನಿ.”

ಅವರು ಹಚ್ಚಿದರು. ನನ್ನ ಜೇಬಿನಲ್ಲಿ ರಿಂಗಾಯಿತು. ತೆಗೆದೆ. “ಹಲೋ” ಎಂದರು ಗುಮಾಸ್ತರು. “ಹೇಳ್ರಿ ಸಾರ್” ಎಂದೆ. ಒಂದು ಮೇಜಿನ ಆಚೀಚೆ ಕೂತು ಇಬ್ಬರೂ ಸ್ವಲ್ಪ ಹೊತ್ತು ಫೋನನ್ನು ಕಿವಿಗೆ ಹಿಡಿದುಕೊಂಡೇ ಇದ್ದೆವು. ಆಮೇಲೆ ಅವರು ಬಹಳ ಸಂಕಟದಿಂದ, “ಹಂಗಾರ ನೀವ ಏನ್ರಿ ಅವರು?” ಎಂದು ಕೇಳಿ, ನನ್ನ ವಿಳಾಸ ಬರೆದುಕೊಂಡರು. ಬ್ಯಾಟರಿ ಬರುತ್ತದೆ ಎಂದುಕೊಂಡೆ. ನೋಟಿಸ್ ಬಂತು.

ಇನ್ನು ತಮಾಷೆ ನನಗೆ ಸಾಧ್ಯವಿಲ್ಲ ಮಾನ್ಯರೇ. ಬ್ಯಾಟರಿ ಬಂದೀತೆಂದು ಇಷ್ಟು ದಿನ ಅಂಜುತ್ತಲೇ ಬಂದ ಅಕ್ಕ, ಬಂದದ್ದು ನೋಟಿಸ್ ಎಂದು ಕಂಡ ಮೇಲೆ ಮೊನ್ನೆ ಸೋಮವಾರದ ಪಾಳಿಗೆ ಬರಲಿಲ್ಲ. ಬ್ಲೌಸ್ ಹೊಲಿಯುವ ಮಷೀನಿನ ಮುಂದೆ ಕೂತವಳು ಏಳಲೇ ಇಲ್ಲ. “ನಾ ಬರಂಗಿಲ್ಲ. ಇದ್ದಷ್ಟು ರಕ್ತ ನನ್ನ ಹತ್ರ ಇರ್ಲಿ” ಎಂದಳು. ಈಗ ಕಾಲು ಬಾತು ಚಪ್ಪಲಿ ಹಿಡಿಸುತ್ತಿಲ್ಲ. ಮಲಗಿದರೆ ಉಸಿರು ಸಿಕ್ಕುತ್ತಿಲ್ಲವೆಂದು ಗೋಡೆಗೊರಗಿ ಕೂರುತ್ತಾಳೆ. ಗುರುವಾರವೂ ತಪ್ಪಿದರೆ ಏನಾಗುತ್ತದೆಂದು ಡಾಕ್ಟರರು ನನ್ನನ್ನು ಹೊರಗೆ ಕರೆದು ಹೇಳಿದ್ದಾರೆ. ಅದನ್ನು ಇಲ್ಲಿ ಬರೆಯಲಾರೆ. ಬಳ್ಳಾರಿಯಲ್ಲಿ ವಿಚಾರಿಸಿದೆ, ಪಾಳಿ ಸಿಗಲು ಒಂದೂವರೆ ತಿಂಗಳು ಕಾಯಬೇಕು. ಆಕೆಗೆ ಅಷ್ಟು ದಿನಗಳಿಲ್ಲ.

“ಬ್ಯಾಟರಿ ಹೊಸಾವು ಹಾಕ್ಯಾರ, ಬಾ ಅಕ್ಕ” ಎಂದು ಸುಳ್ಳು ಹೇಳಿ ನೋಡಿದೆ. ನನ್ನ ಮುಖ ನೋಡಿ, ಮತ್ತೆ ಹೊಲಿಗೆಗೆ ಬಗ್ಗಿದಳು.

ಆದ್ದರಿಂದ ನನ್ನ ಬೇಡಿಕೆ. ಬುಧವಾರ ಮಧ್ಯಾಹ್ನದೊಳಗೆ ಹೊಸ ಬ್ಯಾಟರಿ ಹಾಕಿಸಿ, ರೌಟರನ್ನು ಯುಪಿಎಸ್ಸಿಗೇ ಜೋಡಿಸಿ. ಜನ ನಂಬುವಂಥ ಒಬ್ಬರ ನಂಬರನ್ನು ಕಾರ್ಡಿಗೆ ಕೊಡಿ, ಅದು ತಮ್ಮದೇ ಆದರೆ ಇನ್ನೂ ಒಳ್ಳೆಯದು. ಅಲ್ಲಿಯವರೆಗೆ ನನ್ನದನ್ನು ಅಳಿಸಬೇಡಿ, ಫೋನನ್ನು ಕೈಯಲ್ಲೇ ಹಿಡಿದುಕೊಂಡಿದ್ದೇನೆ. ಆಮೇಲೆ ತಾವು ಖುದ್ದಾಗಿ ಬನ್ನಿ. ಅಕ್ಕನನ್ನು ನಾನು ಆಟೋದಲ್ಲಿ ಕರೆತಂದು ಬಾಗಿಲ ಬಳಿ ಕುರ್ಚಿ ಹಾಕಿ ಕೂರಿಸುತ್ತೇನೆ, ನೋಡಲು ಮಾತ್ರ ಎಂದು ಒಪ್ಪಿಸುತ್ತೇನೆ. ರೋಗಿಗಳಿಲ್ಲದ ಹೊತ್ತಿನಲ್ಲಿ, ಖಾಲಿ ಯಂತ್ರಗಳನ್ನು ಓಡಬಿಟ್ಟು, ಆಕೆಯ ಕಣ್ಣೆದುರೇ ಮೇನ್ ಸ್ವಿಚ್ ತಮ್ಮ ಕೈಯಿಂದಲೇ ಇಳಿಸಿ. ಇಳಿಸಿ ಅರ್ಧ ತಾಸು ಆಕೆಯ ಪಕ್ಕದಲ್ಲಿ ಕುಂದ್ರಿ. ಯಂತ್ರಗಳು ಓಡುತ್ತಿದ್ದರೆ ಆಕೆ ಗುರುವಾರ ಬರುತ್ತಾಳೆ. ನಿಂತರೆ, ಮುಂದೇನು ಎಂದು ಆಕೆಗೆ ತಾವೇ ಹೇಳಬೇಕು.

ಇಂತಿ,
ಇದೊಂದು ಕಾಗದಕ್ಕೆ ಸ್ವಂತ ಹೆಸರಿನಲ್ಲೇ ಸಹಿ ಹಾಕುತ್ತಿರುವ
ಮಾಲತೇಶ್
ಅಂಜಲಿಯ ತಮ್ಮ, ಪಾಪಿನಾಯಕನಹಳ್ಳಿ