ನನಗೆ ಸಂಬಂಧವಿಲ್ಲದ ಕತೆ

ಮೂರನೇ ಬಾಗಲಕೋಟೆ
ಇಸವಿ ೨೩೧೪, ಎರಡನೇ ಬೇಸಿಗೆಯ ನಡುಭಾಗ

ಕಾದಂಬರಿ ಓದುವ ಹಿಂದಿನವರಿಗೆ,

ಗುರುಬಸವ್ವ ಕೆರೂರಳ ನಮಸ್ಕಾರಗಳು. ತಾರೀಖು ನೋಡಿ ಗಾಬರಿಯಾಗಬೇಡಿ. ನಮಗೆ ವರ್ಷಕ್ಕೆ ಎರಡು ಬೇಸಿಗೆ. ನಿಮ್ಮ ಬಾಗಲಕೋಟೆ ನೀರಿಗೆ ಹೆದರಿ ಒಮ್ಮೆ ಜಾಗ ಬದಲಿಸಿತ್ತು. ನಮ್ಮ ಹಿರಿಯರ ಕಾಲದಲ್ಲಿ ಇನ್ನೊಮ್ಮೆ ಬದಲಿಸಿತು. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಕ್ಷಮಿಸಬೇಕು. ನಿಮ್ಮ ಕಾಲದ ಮೂರೇ ಮೂರು ಪುಸ್ತಕಗಳಿಂದ ಕಲಿತ ಬರವಣಿಗೆ ಇದು. ಈ ಪತ್ರವನ್ನು ತರುವುದು ಹಿಂದಂಚೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಟಪಾಲು. ಒಬ್ಬರಿಗೆ ಆಯುಷ್ಯದಲ್ಲಿ ಒಂದೇ ಪತ್ರ. ಹೆಚ್ಚಿನವರು ತಮ್ಮ ಮುತ್ತಜ್ಜನಿಗೆ ಬರೆದು, ಎತ್ತರದಲ್ಲಿ ಮನೆ ಕಟ್ಟಿಕೋ ಎಂದು ಬುದ್ಧಿ ಹೇಳುತ್ತಾರೆ. ನಾನು ಓದುಗರಿಗೆ ಬರೆಯುತ್ತೇನೆಂದಾಗ ಅಂಚೆಯ ಹುಡುಗಿ ನನ್ನನ್ನು ಕನಿಕರದಿಂದ ನೋಡಿದಳು.

ಇಲ್ಲಿ ಓದುವವರು ಯಾರೂ ಇಲ್ಲ, ಕೇಳುವವರಿದ್ದಾರೆ. ಪ್ರತಿಯೊಬ್ಬರ ಕಿವಿಯಲ್ಲೂ ಜೋಳದ ಕಾಳಿನಷ್ಟು ದೊಡ್ಡ ಮಣಿಯೊಂದಿರುತ್ತದೆ. ಅದು ಅವರವರ ಮನಸ್ಸಿಗೆ ಒಗ್ಗುವ ಕತೆ ಹೇಳುತ್ತದೆ. ಅದಕ್ಕೆ ಒಗ್ಗುಗತೆ ಎನ್ನುತ್ತಾರೆ. ಹಳೆಯ ಪುಸ್ತಕದ ಪುಟ ತೋರಿಸಿದರೂ ಮಣಿ ಅದನ್ನು ಓದಿ, ತಿದ್ದಿ, ಹಿತವಾಗಿಸಿಯೇ ಹೇಳುವುದು. ಹಾಗಾಗಿ ಅಕ್ಷರ ಕಲಿಯುವ ಗೋಜು ಯಾರಿಗೂ ಬೇಕಿಲ್ಲ. ಚಿಕ್ಕಂದಿನಲ್ಲಿ ನನ್ನ ಎರಡೂ ಕಿವಿ ಸೋರುತ್ತಿದ್ದವು, ಮಣಿ ನಿಲ್ಲಲಿಲ್ಲ. ಅವ್ವ ಬೇರೆ ದಾರಿ ಕಾಣದೆ ಎಲ್ಲಿಂದಲೋ ಹಳೆಯ ಅಕ್ಷರಮಾಲೆಯೊಂದನ್ನು ಹುಡುಕಿ ತಂದು, ತಾನೂ ಕಲಿತು ನನಗೂ ಕಲಿಸಿದಳು. ಸಂಜೆ ನಮ್ಮ ಓಣಿಯವರೆಲ್ಲ ನೆರಳುಕಟ್ಟೆಗೆ ಬರುತ್ತಾರೆ. ಅದು ಒದ್ದೆ ಗೋಣಿ ಇಳಿಬಿಟ್ಟ ಉದ್ದನೆಯ ಚಪ್ಪರ. ಪಾಚಿಹಿಟ್ಟಿನ ರೊಟ್ಟಿ, ಬೆಳ್ಳುಳ್ಳಿ ಚಟ್ನಿ ಬಿಚ್ಚಿಕೊಂಡು ಸಾಲಾಗಿ ಕೂರುತ್ತಾರೆ. ಒಬ್ಬಳು ನಗುತ್ತಾಳೆ, ಪಕ್ಕದವನು ಅಳುತ್ತಾನೆ, ಅದರಾಚೆಯವನು ಹೆದರಿ ಕಾಲು ಮಡಚಿಕೊಳ್ಳುತ್ತಾನೆ. ಯಾಕೆಂದು ಯಾರೂ ಯಾರನ್ನೂ ಕೇಳುವುದಿಲ್ಲ. ನಾನು ಅವರ ನಡುವೆ ಕೂತು ರೊಟ್ಟಿ ತಿಂದು ಎದ್ದು ಬರುತ್ತೇನೆ.

ಆ ಮೂರು ಪುಸ್ತಕಗಳು ಹಳೆಯ ಶಾಲೆಯೊಂದರ ಗೋಡೆ ಕೆಡವುವಾಗ ಸಿಕ್ಕವು. ಅವುಗಳ ಬಗ್ಗೆ ಹೇಳಲು ನನ್ನ ಹೊಟ್ಟೆಯಲ್ಲಿ ಬೇಕಾದಷ್ಟು ಮಾತುಗಳಿವೆ, ಕೇಳುವವರಿಲ್ಲ. ಮೊದಲನೆಯದರಲ್ಲಿ ಹುಬ್ಬಳ್ಳಿಯ ಗಂಡಹೆಂಡತಿ ಒಂದು ಹಳೆಯ ಫ್ರಿಜ್ಜು ಮಾರುವುದೋ ಬೇಡವೋ ಎಂದು ಇಡೀ ಕಾದಂಬರಿಯುದ್ದಕ್ಕೂ ಯೋಚಿಸುತ್ತಾರೆ. ನಿಮ್ಮ ಲೇಖಕರಿಗೆ ಕಿಟಕಿಯೊಂದು ಕಂಡರೆ ಸಾಕು, ಪಾತ್ರವನ್ನು ತಂದು ಅದರ ಮುಂದೆ ನಿಲ್ಲಿಸಿಬಿಡುತ್ತಾರೆ. ಆದರೂ ಫ್ರಿಜ್ಜು ಹೋದ ಮೇಲೆ ಗೋಡೆಯಲ್ಲುಳಿದ ಕಲೆಯನ್ನು ಇಬ್ಬರೂ ಒಬ್ಬರಿಗೊಬ್ಬರು ತಿಳಿಯದಂತೆ ಬಂದು ಒರೆಸುತ್ತಾರಲ್ಲ, ಅಲ್ಲಿ ನಾನು ಪುಸ್ತಕ ಮಡಚಿಟ್ಟು ನಮ್ಮ ಮನೆಯ ಗೋಡೆಯನ್ನು ಮುಟ್ಟಿ ನೋಡಿದೆ. ಎರಡನೆಯದು ವಿಚಿತ್ರದ ಕತೆ. ಬ್ಯಾಂಕ್ ನೌಕರನ ನೆರಳು ಅವನಿಗಿಂತ ಮೊದಲೇ ಆಫೀಸಿಗೆ ಹೋಗಿ ಬಡ್ತಿ ಪಡೆಯುತ್ತದೆ. ಅಷ್ಟಕ್ಕೇ ನಿಲ್ಲಬೇಕಿತ್ತು. ಪುಟಕ್ಕೊಂದು ವಿಚಿತ್ರ ತಂದು ಸುರಿದರೆ ಬೆರಗಾಗುವ ಶಕ್ತಿಯೇ ಬತ್ತಿಹೋಗುತ್ತದೆ. ನನ್ನನ್ನು ನಿಜಕ್ಕೂ ಬೆಚ್ಚಿಬೀಳಿಸಿದ್ದು ಲೇಖಕರು ಸಹಜವೆಂದು ಬರೆದ ಒಂದು ಪುಟ. ಚಹಾದಂಗಡಿಯಲ್ಲಿ ಇಬ್ಬರು ಗೆಳೆಯರು, ತಾವಿಬ್ಬರೂ ಓದಿದ ಒಂದೇ ಕತೆಯ ಬಗ್ಗೆ ಮೇಜು ಕುಟ್ಟಿ ಜಗಳವಾಡುತ್ತಾರೆ. ಇಬ್ಬರಿಗೂ ಒಂದೇ ಕತೆ! ಅಸೂಯೆಯಿಂದ ಆ ಪುಟವನ್ನು ಮತ್ತೆ ಮತ್ತೆ ಓದಿದೆ.

ಮೂರನೆಯದು ಐತಿಹಾಸಿಕ, ಸುಲ್ತಾನರ ಕಾಲದ ವಿಜಯಪುರದ್ದು. ಅದರಲ್ಲಿ ಎಲ್ಲರೂ ದರ್ಬಾರಿನಲ್ಲಿ ನಿಂತವರಂತೆ ಮಾತಾಡುತ್ತಾರೆ, ಒಬ್ಬರಿಗೂ ನೆಗಡಿಯಾಗುವುದಿಲ್ಲ. ಆದರೆ ದಂಡಿನ ಡೇರೆ ಹೊಲಿಯುವ ಹೊನ್ನವ್ವನನ್ನು ನಾನು ಮರೆಯಲಾರೆ. ಅವಳ ಸ್ವಂತ ಅಣ್ಣ ಅವಳ ಗಂಡನನ್ನು ವೈರಿಗಳಿಗೆ ಹಿಡಿದುಕೊಡುತ್ತಾನೆ. ಕೊನೆಯ ಅಧ್ಯಾಯದಲ್ಲಿ ಅವಳು ಆ ಅಣ್ಣನನ್ನು ಮನೆಯೊಳಗೆ ಕರೆದು, ತಲೆಗೆ ಎಣ್ಣೆ ಹಚ್ಚಿ ಕ್ಷಮಿಸುತ್ತಾಳೆ. ಸುಳ್ಳು! ಹೊನ್ನವ್ವ ಅಂಥವಳಲ್ಲ. ಲೇಖಕರು ಕೊನೆಗೆ ಹೆದರಿದರು. ಈ ಮಾತನ್ನು ಯಾರಿಗಾದರೂ ಹೇಳಬೇಕೆಂದು ವರ್ಷಗಟ್ಟಲೆ ಕುದಿದಿದ್ದೇನೆ.

ಹೇಳಬಹುದಾದವರು ಒಬ್ಬರಿದ್ದರು, ದಾವಲಸಾಬ ನದಾಫ. ನಮ್ಮ ಓಣಿಯ ಮಾಳಿಗೆಗಳ ಮೇಲೆ ಕರೆಂಟು ಹುಟ್ಟಿಸುವ ಬಿಸಿಲುಹಲಗೆ ತೊಳೆಯುವ ಕೆಲಸ ಅವರದು. ಕೆಲಸ ಮುಗಿಸಿ ನನ್ನ ಮನೆಯಲ್ಲಿ ನೀರು ಕುಡಿದು, ಎರಡು ಮಾತಾಡಿ ಹೋಗುವ ಏಕೈಕ ಮನುಷ್ಯ. ಇದೊಂದನ್ನಾದರೂ ಮಣಿ ಇದ್ದಂತೆಯೇ ಹೇಳೀತೆಂದು ಆಶಿಸಿ ಅವರಿಗೆ ಮೂರನೆಯ ಪುಸ್ತಕ ಕೊಟ್ಟೆ. ಕೆಲವು ವಾರದ ಮೇಲೆ ಕಣ್ಣು ಒದ್ದೆ ಮಾಡಿಕೊಂಡು ಬಂದರು. "ಆಕಿ ಅಣ್ಣನ್ನ ಮನಿಯೊಳಗ ಬಿಟ್ಕೊಳ್ಳಲೇ ಇಲ್ಲ ನೋಡ್ರಿ ಅಕ್ಕಾರ. ಭಾಳ ಚಲೋ ಮಾಡಿದ್ಲು" ಎಂದರು. ಅವರು ಪುಟಗಳನ್ನು ಮಣಿಗೆ ತೋರಿಸಿದ್ದರು. ಅವರಿಗೊಬ್ಬ ಅಣ್ಣನಿದ್ದಾನೆ, ಮಾತು ಬಿಟ್ಟು ಎಷ್ಟೋ ಕಾಲವಾಗಿದೆ. ಅದು ಮಣಿಗೆ ಗೊತ್ತು. ನಾನು ಬಯಸಿದ್ದ ಕೊನೆಯನ್ನೇ ಅದು ಅವರಿಗೆ ಕೊಟ್ಟಿತ್ತು, ಆದರೆ ಅದು ಪುಸ್ತಕದ್ದಲ್ಲ.

ಮಣಿ ತೆಗೆದಿಡಿ, ನಾನೇ ಓದುತ್ತೇನೆ ಎಂದೆ. ಒಪ್ಪಿದರು. ದಿನಾ ಸಂಜೆ ನಾನು ಓದುವುದು, ಅವರು ಕೇಳುವುದು. ನನ್ನ ಬದುಕಿನಲ್ಲಿ ಅಷ್ಟು ಸುಖದ ದಿನಗಳು ಬೇರೆ ಇಲ್ಲ. ಕೊನೆಯ ಅಧ್ಯಾಯ ಬಂತು. ಹೊನ್ನವ್ವ ಎಣ್ಣೆಯ ಬಟ್ಟಲು ಕೈಗೆತ್ತಿಕೊಂಡಳು. ಮುಗಿದೊಡನೆ, ಇದು ತಪ್ಪು ಅಲ್ಲವೇ ಎಂದು ಕೇಳಲು ಬಾಯಿ ತೆರೆದಿದ್ದೆ. ದಾವಲಸಾಬ ಎದ್ದು ನಿಂತಿದ್ದರು. "ನಮ್ಮ ಮನಿ ಮಾತು ನಿಮಗ ಯಾರು ಹೇಳಿದ್ರು?" ಎಂದರು. ಕತೆಯೆಂದರೆ ಕೇಳುವವನಿಗಾಗಿಯೇ ಕಟ್ಟಿದ್ದು ಎಂದಷ್ಟೇ ಅವರು ಬಲ್ಲರು. ಅಣ್ಣನನ್ನು ಕ್ಷಮಿಸು ಎಂದು ನಾನೇ ಅವರಿಗೆ ಬುದ್ಧಿ ಹೇಳುತ್ತಿದ್ದೇನೆ ಎಂದುಕೊಂಡರು. ಇದನ್ನು ಬರೆದವರು ತೀರಿಕೊಂಡು ಶತಮಾನಗಳಾದವು, ನಿಮ್ಮನ್ನು ಅವರು ಕಂಡವರೇ ಅಲ್ಲ, ಇದಕ್ಕೂ ನಿಮಗೂ ಸಂಬಂಧವಿಲ್ಲ ಎಂದೆ. ಅವರು ತೆಗೆದಿಟ್ಟಿದ್ದ ಮಣಿಯನ್ನು ಕೈಗೆತ್ತಿಕೊಂಡು ಬಾಗಿಲವರೆಗೆ ಹೋಗಿ ತಿರುಗಿದರು.

"ಸಂಬಂಧ ಇಲ್ಲದ ಕತಿ ನನಗ್ಯಾಕ ಓದಿದ್ರಿ ಅಕ್ಕಾರ?"

ಅವರು ಬೀದಿಗಿಳಿದು ಹೋದರು. ಆಯುಷ್ಯವಿಡೀ ಓದಿದವಳು ಬಾಗಿಲಲ್ಲಿ ಪೆಚ್ಚಾಗಿ ನಿಂತೆ. ಈಗ ಹಲಗೆ ತೊಳೆಯಲು ಬೇರೆ ಯಾರೋ ಬರುತ್ತಾರೆ, ನೀರು ಬೇಡವೆನ್ನುತ್ತಾರೆ. ದಾವಲಸಾಬ ಕಟ್ಟೆಯ ಆ ತುದಿಯಲ್ಲಿ ಕೂರುತ್ತಾರೆ, ಕಿವಿಯಲ್ಲಿ ಮಣಿ. ಹೊನ್ನವ್ವನ ವಿಷಯದಲ್ಲಿ ನಮ್ಮಿಬ್ಬರ ಅಭಿಪ್ರಾಯ ಒಂದೇ ಎಂಬುದು ಅವರಿಗೆ ಇನ್ನೂ ಗೊತ್ತಿಲ್ಲ. ನನಗೆ ಅವರಿಲ್ಲದೆ ಬಹಳ ಬೇಸರವಾಗಿದೆ.

ಆದ್ದರಿಂದ ನಿಮ್ಮನ್ನು ಕೇಳುತ್ತಿದ್ದೇನೆ. ಕಂಡರಿಯದ ಊರಿನ, ಸತ್ತು ಎಷ್ಟೋ ಕಾಲವಾದ, ಅಥವಾ ಹುಟ್ಟಿಯೇ ಇರದ ಹೆಂಗಸೊಬ್ಬಳಿಗಾಗಿ ನೀವು ಊಟ ಬಿಟ್ಟು ಅತ್ತದ್ದುಂಟಲ್ಲ, ಯಾಕೆ? ಉತ್ತರವನ್ನು ನನಗಾಗಿ ಬರೆದಿಡಬೇಡಿ. ಆ ಮೂರು ಪುಸ್ತಕ ಬಿಟ್ಟರೆ ನಿಮ್ಮ ಕಾಲದ ಬರಹ ಇಲ್ಲಿ ಉಳಿದಿರುವುದು ಮಣಿಗಳೊಳಗೆ ಮಾತ್ರ, ನನ್ನ ಕಿವಿಯಲ್ಲಿ ಮಣಿ ನಿಲ್ಲದು. ಕೇಳಿದವರು ಬಂದು ನನಗೆ ಹೇಳಿದರೂ, ಅದು ಅವರಿಗೆ ಹಿತವಾಗುವಂತೆ ಮಣಿ ತಿದ್ದಿದ್ದಾಗಿರುತ್ತದೆ. ಅದೇ ಪುಸ್ತಕ ಓದಿದವರು ನಿಮ್ಮ ಪಕ್ಕದಲ್ಲಿ ಯಾರಾದರೂ ಇರುತ್ತಾರೆ. ಅವರಿಗೆ ಹೇಳಿ. ಅವರು ಒಪ್ಪದಿದ್ದರೆ ಜಗಳವಾಡಿ, ಎದ್ದು ಹೊರಟರೆ ಬೀದಿಯವರೆಗೂ ಹಿಂದೆ ಹೋಗಿ. ನಾನು ಹೋಗಲಿಲ್ಲ.

ನಿಮ್ಮ,
ಗುರುಬಸವ್ವ